ಬೆನ್ನ ಮೇಲಿನ ಸೀಮೆಸುಣ್ಣ

ನನ್ನ ಮೊಮ್ಮಗಳ ಹೆಗಲು ಹತ್ತೂವರೆ ಇಂಚು, ತೋಳು ಹದಿನಾರು, ಎದೆ ಇಪ್ಪತ್ತನಾಲ್ಕು. ಕತ್ತಿನ ಹಿಂದೆ, ಎಡಕ್ಕೆ, ಎಳ್ಳಿನಷ್ಟು ದೊಡ್ಡ ಮಚ್ಚೆ ಇದೆ. ಅದು ಅಳತೆಗೆ ಬರುವುದಿಲ್ಲ, ಆದರೂ ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಮೈಸೂರಿನಲ್ಲಿ ಮೂವತ್ತು ವರ್ಷ, ಅಟ್ಲಾಂಟಾದಲ್ಲಿ ಇಪ್ಪತ್ತೇಳು ವರ್ಷ, ಊರವರ ಅಳತೆಯನ್ನೆಲ್ಲ ತೆಗೆದ ಕೈ ಇದು. ಈ ಒಂದು ಅಳತೆ ಸಿಗುವುದಕ್ಕೆ ಆರು ವರ್ಷ ಕಾಯಬೇಕಾಯಿತು. ಮಗುವಿನ ಮನೆಗೇ ಹೋಗಿ ಕೂತ ಮೇಲೂ ಒಂಬತ್ತು ದಿನ ಕಾದೆ. ನಾನು ಬರೆಯಲು ಹೊರಟಿರುವುದು ಆ ಒಂಬತ್ತು ದಿನದ ವಿಷಯ.

ನಾನು ಓದಿದ್ದು ಐದನೇ ಕ್ಲಾಸು. ಶಿವರಾಮಪೇಟೆಯಲ್ಲಿ ಸೋದರಮಾವನ ಅಂಗಡಿಯಲ್ಲಿ ಗುಂಡಿಯ ಕಾಜಾ ಹೊಲಿಯಲು ಕೂತವನು ಮತ್ತೆ ಸ್ಕೂಲಿನ ಕಡೆ ತಲೆ ಹಾಕಲಿಲ್ಲ. ಕಾಗುಣಿತ ತಪ್ಪಿದ್ದರೆ ಅಚ್ಚು ಹಾಕುವವರು ತಿದ್ದಿಕೊಳ್ಳಲಿ. ಮಗಳಿಗೆ ಆರು ವರ್ಷವಿದ್ದಾಗ ಅಟ್ಲಾಂಟಾದ ಸೀರೆ ಅಂಗಡಿಯವರೊಬ್ಬರು ರವಿಕೆ ಹೊಲಿಯಲು ಆಳು ಬೇಕೆಂದು ಕರೆಸಿಕೊಂಡರು. ಹೆಂಡತಿ, ಮಗಳು, ನಾನು ಬಂದೆವು. ಡಾಕ್ಟರ ಹೆಂಡತಿಯರ ರವಿಕೆ, ಅವರ ಗಂಡಂದಿರ ಪ್ಯಾಂಟಿನ ಸೊಂಟ, ಅವರ ಮಕ್ಕಳ ಮದುವೆಯ ಲಂಗ, ಎಲ್ಲ ನನ್ನ ಕೈಯಲ್ಲೇ. ಮಗಳು ಸ್ಕೂಲಿನಿಂದ ನೇರ ಅಂಗಡಿಗೆ ಬಂದು ಮಿಷನ್ನಿನ ಕೆಳಗೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಬಟ್ಟೆಯ ಚೂರುಗಳ ಮಧ್ಯೆ ಬೆಳೆದ ಹುಡುಗಿ. ಕಂಕುಳು ಬಿಗಿಯಾಗಿದೆಯೋ ಸಡಿಲವಾಗಿದೆಯೋ ದೂರದಿಂದಲೇ ಹೇಳುತ್ತಿದ್ದಳು.

ಅವಳಿಗೆ ಇಪ್ಪತ್ತನಾಲ್ಕಾಗಿತ್ತು. ಒಂದು ಮಧ್ಯಾಹ್ನ ಅಂಗಡಿಗೆ ಬಂದಳು. ನಾನು ಯಾರದೋ ಪ್ಯಾಂಟಿನ ಕಾಲು ಮಡಿಸಿ ಹೊಲಿಯುತ್ತಿದ್ದೆ. ಎದುರಿನ ಸ್ಟೂಲಿನ ಮೇಲೆ ಕೂತು ನೂಲಿನ ಉಂಡೆಯನ್ನು ತಿರುಗಿಸುತ್ತ ಹೇಳಿದಳು:

“ಅಪ್ಪಾ, ಒಬ್ಬ ಹುಡುಗ ಇದಾನೆ. ನಮ್ಮೋನಲ್ಲ. ಇಲ್ಲಿಯೋನು, ಐರಿಷ್ ಕಡೆಯೋನು. ಅಮ್ಮಂಗೆ ನಾನೇ ಹೇಳ್ತೀನಿ, ಎರಡು ವಾರ ಟೈಮ್ ಕೊಡಿ. ಅಲ್ಲೀವರೆಗೂ ಯಾರಿಗೂ ಹೇಳ್ಬೇಡಿ. ಪ್ರಾಮಿಸ್ ಮಾಡಿ.”

“ನಾನ್ಯಾಕಮ್ಮ ಹೇಳ್ಲಿ” ಅಂದೆ. ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದೆ. ಆ ಸೂಜಿ ತುಟಿಯಲ್ಲೇ ಚುಚ್ಚಿಕೊಂಡು ಕೂತಿದ್ದರೆ ಚೆನ್ನಾಗಿತ್ತು.

ಆ ಸಂಜೆ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿಬಿಟ್ಟೆ. ಮಾರನೆಯ ದಿನ ಅಂಗಡಿಯ ಯಜಮಾನರಿಗೆ ಹೇಳಿದೆ. ತಿಳಿದವರು, ಒಂದು ಬುದ್ಧಿ ಮಾತು ಹೇಳಿಯಾರು ಅಂದುಕೊಂಡೆ. ದರ್ಜಿಯ ಅಂಗಡಿ ಅಂದರೆ ಹೇಗೆ, ಕತ್ತರಿಯ ಜೊತೆ ಬಾಯಿಯೂ ಆಡುತ್ತಿರುತ್ತದೆ. ಆ ಭಾನುವಾರ ನಮ್ಮವರ ಯುಗಾದಿ ಊಟ. ಮಗಳು ತಟ್ಟೆ ಹಿಡಿದು ಹೋಳಿಗೆಯ ಸಾಲಿನಲ್ಲಿ ನಿಂತಿದ್ದಳು. ಸುತ್ತ ಮೂರು ನಾಲ್ಕು ಹೆಂಗಸರು ಬಂದು ನಿಂತರು. ಒಬ್ಬರು ನಗುತ್ತ ಅಂದರು, “ನಮ್ಮ ಟೈಲರ್ ಮಗಳಿಗೆ ನಮ್ಮೋರ ಅಳತೆ ಯಾವ್ದೂ ಸರಿಹೋಗ್ಲಿಲ್ವಂತೆ ಕಣ್ರೀ.” ಉಳಿದವರೂ ನಕ್ಕರು. ಮಗಳು ಅವರನ್ನು ನೋಡಲಿಲ್ಲ. ಊಟದ ಹಾಲ್‌ನ ಈ ತುದಿಯಲ್ಲಿ ಕೂತಿದ್ದ ನನ್ನನ್ನು ನೋಡಿದಳು. ತಟ್ಟೆಯನ್ನು ಅಲ್ಲೇ ಇಟ್ಟು ಹೊರಟಳು. ನನ್ನ ಹೆಂಡತಿ ಬಾಗಿಲಲ್ಲಿ ಅಡ್ಡ ನಿಂತು, “ಈಗ ಹೋದ್ರೆ ಹೋದ ಹಾಗೇ, ತಿಳ್ಕೋ” ಅಂದಳು. ಸಿಟ್ಟಿನಲ್ಲಿ ಆಡಿದ ಮಾತು. ಮಗಳು ಅದನ್ನು ನಿಜ ಮಾಡಿಬಿಟ್ಟಳು. ವಾಷಿಂಗ್ಟನ್ನಿಗೆ ಹೋಗಿ ಆ ಹುಡುಗನನ್ನು ಕೋರ್ಟಿನಲ್ಲಿ ಮದುವೆಯಾದಳು. ಆಮೇಲೆ ಇಬ್ಬರೂ ಅವನ ಊರಿಗೆ, ಕೆರೊಲೈನಾದಲ್ಲಿ ರಾಲಿಯ ಹತ್ತಿರದ ಒಂದು ಸಣ್ಣ ಊರಿಗೆ ಬಂದು ನಿಂತರು. ಮಗು ಹುಟ್ಟಿದ್ದು ನಮಗೆ ಮೂರನೆಯವರ ಬಾಯಿಂದ ತಿಳಿಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಮುತ್ತು ಒಡೆದದ್ದಾದರೂ ಕೈಗೆ ಗೊತ್ತಾಗುತ್ತದೆ.

ಹೆಂಡತಿ ಕೊರೊನಾದಲ್ಲಿ ಹೋದಳು. ಮೊಮ್ಮಗಳ ಮುಖ ನೋಡದೇ ಹೋದಳು. ಮಗಳು ಆರು ಗಂಟೆ ಕಾರು ಓಡಿಸಿಕೊಂಡು ಬಂದಳು. ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ದಹನದ ಜಾಗದ ಪಾರ್ಕಿಂಗಿನಲ್ಲೇ ಮಾಸ್ಕು ಹಾಕಿಕೊಂಡು ನಿಂತಳು. ನಾನೂ ನಿಂತೆ. ನಮ್ಮ ಮಧ್ಯೆ ಒಂದು ಕಾರಿನಷ್ಟು ಜಾಗ. ಹಿಂದಿನ ಸೀಟಿನಲ್ಲಿ ಒಂದು ಮಗು ಮಲಗಿತ್ತು. ಗಾಜಿನಲ್ಲಿ ನನಗೆ ಕಂಡದ್ದು ಒಂದು ಕಾಲು ಮಾತ್ರ, ಕೆಂಪು ಚಪ್ಪಲಿ. ಕಣ್ಣಳತೆಯಲ್ಲೇ ಅಂದುಕೊಂಡೆ, ಇದಕ್ಕೆ ಲಂಗ ಹೊಲಿದರೆ ಉದ್ದ ಹದಿನೆಂಟು ಇಂಚು ಬೇಕು. ಸತ್ತ ಹೆಂಡತಿ ಒಳಗಿದ್ದಳು, ನಾನು ಹೊರಗೆ ನಿಂತು ಲಂಗದ ಲೆಕ್ಕ ಹಾಕುತ್ತಿದ್ದೆ. ಅಂಥ ಮನುಷ್ಯ ನಾನು.

ಅದಾದ ಮೇಲೆ ತಿಂಗಳಿಗೊಂದು ಫೋನು. “ಊಟ ಆಯ್ತಾ?” “ಆಯ್ತು.” “ಮಾತ್ರೆ ತಗೊಂಡ್ರಾ?” “ತಗೊಂಡೆ.” ಅಷ್ಟೇ. ಎರಡು ವರ್ಷ ಹಾಗೇ ಹೋಯಿತು. ಒಂದು ಫೆಬ್ರವರಿಯಲ್ಲಿ ಮಾತ್ರೆಯ ಮಾತು ಮುಗಿದ ಮೇಲೂ ಅವಳು ಫೋನು ಇಡಲಿಲ್ಲ.

“ಮಾರ್ಚ್‌ನಲ್ಲಿ ಬರ್ತೀರಾ ಅಪ್ಪಾ? ಇವಳಿಗೆ ಒಂದು ಕೋಟ್ ಹೊಲೀಬೇಕು. ಊರಲ್ಲಿ ಐರಿಷ್‌ನೋರ ಹಬ್ಬದ ಪರೇಡ್ ಇದೆ. ಮುಂದೆ ನಡಿಯೋಳು ಈ ವರ್ಷ ಇವಳೇ.”

ನನಗೆ ಆದ ಸಂತೋಷವನ್ನು ಹೇಗೆ ಬರೆಯಲಿ. ಹೊಲಿಗೆ ಮಿಷನ್ನನ್ನು ಹೆಂಡತಿಯ ಹಳೇ ದುಪ್ಪಟಿಯಲ್ಲಿ ಗಂಟು ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಡ್ರೈವರು ಕೆಳಗಿಡಿ ಅಂದ, ನಾನು ಇಡಲಿಲ್ಲ. ಪಕ್ಕದ ಹುಡುಗಿ ಗಂಟನ್ನು ನೋಡಿ ಬೆಕ್ಕೋ ನಾಯಿಯೋ ಎಂದು ಕೇಳಿದಳು. “ಮೊಮ್ಮಗಳು” ಅಂದೆ ಇಂಗ್ಲಿಷಿನಲ್ಲಿ. ಆಕೆ ಸರಿದು ಕೂತಳು. ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದೆ.

ಮನೆಯ ಬಾಗಿಲು ತೆಗೆದದ್ದೇ ಮೊಮ್ಮಗಳು. ಮುಂದಿನ ಎರಡು ಹಲ್ಲು ಇಲ್ಲ. ಕೂದಲು ನನ್ನ ಹೆಂಡತಿಯದು, ಮೊಂಡು ಗುಂಗುರು, ಬಣ್ಣ ಮಾತ್ರ ಬೆಲ್ಲದ್ದು. “ಹಾಯ್ ತಾತ, ನಿಮ್ಮ ಬ್ಯಾಗ್ ಯಾಕೆ ಬೆಡ್‌ಶೀಟ್?” ಅಂದಳು. ತಾತ ಅಂದಳು. ನಾನು ಚಪ್ಪಲಿ ಬಿಚ್ಚುವುದನ್ನು ಮರೆತು ಒಳಗೆ ಹೋದೆ. ಮಗಳು ಬೈದಳು. ಬೈದದ್ದೂ ಹಿತವಾಗಿತ್ತು.

ಸಂಜೆ ಬೀಗರು ಬಂದರು. ಅಳಿಯನ ತಂದೆ, ನನ್ನದೇ ವಯಸ್ಸಿನ ಎತ್ತರದ ಮನುಷ್ಯ, ಮೊದಲು ಸ್ಕೂಲ್ ಬಸ್ ಓಡಿಸುತ್ತಿದ್ದವರು, ಎರಡು ಮನೆಯಾಚೆ ಇರುತ್ತಾರೆ. ಅಳಿಯನೂ ಒಳ್ಳೆಯವನೇ. ಕರೆಂಟಿನ ಕೆಲಸದವನು, ಮಾತು ಕಡಿಮೆ. ಬೀಗರು ಅಂತ ನಾನು ಕರೆದದ್ದಕ್ಕೆ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. “ಬೀಗ ಅಂದ್ರೆ ಲಾಕ್ ಅಲ್ವಾ? ಗ್ರ್ಯಾಂಡ್‌ಪಾ ಲಾಕಾ?” ಬೀಗರಿಗೂ ಅದನ್ನು ಹೇಳಿದಳು. ಅವರು ಬಾಯಿಗೆ ಬೀಗ ಹಾಕಿಕೊಂಡಂತೆ ಅಭಿನಯ ಮಾಡಿದರು. ಎಲ್ಲರೂ ನಕ್ಕೆವು. ಆ ಮನೆಯಲ್ಲಿ ನಾನು ಹಾಗೆ ನಿರಾಳವಾಗಿ ನಕ್ಕದ್ದು ಅವತ್ತು ಊಟಕ್ಕೆ ಕೂರುವವರೆಗೆ ಮಾತ್ರ.

ಊಟದ ಮೇಜಿನಲ್ಲಿ ಬೀಗರು ಕೋಟಿನ ಕತೆ ಹೇಳಿದರು. ಪರೇಡಿನ ಮುಂದೆ ನಡೆಯುವ ಮಗು ಆ ಕತೆಯ ಹುಡುಗನ ಹಾಗೆ ಕೋಟು ತೊಡಬೇಕಂತೆ. ಮಗಳು ಅಷ್ಟಷ್ಟಾಗಿ ಕನ್ನಡದಲ್ಲಿ ನನಗೆ ಹೇಳುತ್ತ ಹೋದಳು.

ಇನ್ನೂರು ವರ್ಷಕ್ಕೂ ಹಿಂದೆ, ಐರ್ಲೆಂಡಿನಲ್ಲಿ, ಇಂಗ್ಲಿಷರ ಮೇಲೆ ಜನ ದಂಗೆ ಎದ್ದರಂತೆ. ಕೈಯಲ್ಲಿ ಭರ್ಜಿ, ಕುಡುಗೋಲು. ದಂಗೆ ಸೋತಿತು. ಸೋತವರಲ್ಲಿ ಒಬ್ಬ ಹುಡುಗ ಗುಡ್ಡ ಸೇರಿ ಬೇಸಿಗೆಯೆಲ್ಲ ತಪ್ಪಿಸಿಕೊಂಡಿದ್ದ. ಅವನ ತಮ್ಮನೇ ಆಮೇಲೆ ಹಡಗು ಹತ್ತಿ ಈ ಕೆರೊಲೈನಾಗೆ ಬಂದದ್ದು, ಈ ಊರಿನ ಅರ್ಧ ಮನೆಗಳು ಆ ತಮ್ಮನ ವಂಶ, ಬೀಗರದೂ. ಗುಡ್ಡದಲ್ಲಿದ್ದ ಅಣ್ಣನಿಗೆ ಮದುವೆ ಗೊತ್ತಾಗಿತ್ತು. ಮದುವೆಗೆ ಒಂದು ಕೋಟಾದರೂ ಬೇಡವೇ ಎಂದು ಸಂತೆಯ ದಿನ, ಜನರ ಮಧ್ಯೆ ಗೊತ್ತಾಗದ ಹಾಗೆ, ಊರಿನ ದರ್ಜಿಯ ಮನೆಗೆ ಬಂದ. ದರ್ಜಿ ಕೋಟು ತೊಡಿಸಿದ, ಹಿಂದೆ ಮುಂದೆ ಎಳೆದು ನೋಡಿದ, ಚೆನ್ನಾಗಿ ಕೂತಿದೆ ಅಂದ. ಹೇಳುತ್ತ ಹೇಳುತ್ತ ಬೆನ್ನಿನ ಮಧ್ಯೆ ಸೀಮೆಸುಣ್ಣದಲ್ಲಿ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದ. ಹುಡುಗನಿಗೆ ತಿಳಿಯಲಿಲ್ಲ. ಸೇತುವೆಯ ಮೇಲೆ ಸಿಪಾಯಿಗಳು ನಿಂತಿದ್ದರು. ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಬರೀ ಬೆನ್ನು ನೋಡುತ್ತಿದ್ದರು.

“ಆ ಕೋಟ್‌ನಲ್ಲೇ ಗಲ್ಲಿಗೆ ಹಾಕಿದ್ರಂತೆ” ಅಂದಳು ಮಗಳು. “ಸೇತುವೆ ಕಲ್ಲಿನ ಮೇಲೆ ಈಗ್ಲೂ ಮಳೆ ಬಂದ್ರೆ ಬಿಳೀ ಗೆರೆ ಕಾಣತ್ತಂತೆ. ಆ ದರ್ಜಿ ವಂಶದಲ್ಲಿ ಹುಟ್ಟೋ ಮಕ್ಕಳಿಗೆ ಬೆರಳು ಅಂಟ್ಕೊಂಡಿರತ್ತಂತೆ.”

ಬೀಗರು ಕೊನೆಗೆ ಒಂದು ಮಾತು ಹೇಳಿದರು. ಅದು ನನಗೇ ಅರ್ಥವಾಯಿತು. ಅವರ ಮನೆತನದ ಗಾದೆ. ದರ್ಜಿಗೆ ಬೆನ್ನು ಕೊಡಬೇಡ.

ಮೇಜಿನ ಮೇಲೆ ನನ್ನ ಕೈ ಇತ್ತು, ತುದಿಯೆಲ್ಲ ಸೂಜಿ ಚುಚ್ಚಿದ ಗುರುತಿನ ಕೈ. ಮೊಮ್ಮಗಳು ಅದರ ಬೆರಳುಗಳನ್ನು ನೋಡುತ್ತಿದ್ದಳು, ಒಂದೊಂದಾಗಿ. ಬೀಗರಿಗೆ ಏನೂ ತೋಚಿರಲಿಲ್ಲ. ಆ ಕತೆಯನ್ನು ಅವರು ನೂರಾರು ಸಲ ಹೇಳಿರಬೇಕು, ಕೇಳುವವರಲ್ಲಿ ದರ್ಜಿಯೊಬ್ಬ ಕೂತಿರುತ್ತಾನೆ ಎಂದು ಯಾವತ್ತೂ ನೆನೆಸಿರಲಿಕ್ಕಿಲ್ಲ. ಮಗಳು ಮಾತ್ರ ತಟ್ಟೆ ಎತ್ತಿಕೊಂಡು ಎದ್ದಳು, ನನ್ನ ಕಡೆ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಟೇಪು, ಸೀಮೆಸುಣ್ಣ ತೆಗೆದು ಕರೆದೆ.

“ಬಾ ಪುಟ್ಟಿ, ಅಳತೆ ತಗೊಳ್ಳೋಣ.”

“ನೋ ತಾತ.”

“ಯಾಕಮ್ಮಾ?”

“ಚಾಕ್ ಬೇಡ. ಬೆನ್ನು ಕೊಡಲ್ಲ.” ಗೋಡೆಗೆ ಬೆನ್ನು ಒತ್ತಿ ನಿಂತುಬಿಟ್ಟಳು.

ಮೊದಲು ನಕ್ಕೆ. ಮಗುವಿನ ಆಟ ಅಂದುಕೊಂಡೆ. ಸಂಜೆಯೂ ಇಲ್ಲ, ಮಾರನೆಯ ದಿನವೂ ಇಲ್ಲ. ಉಳಿದದ್ದಕ್ಕೆಲ್ಲ ಬರುತ್ತಿದ್ದಳು. ನನ್ನ ಕೈಯ ದೋಸೆ ಬೇಕು, ನನ್ನ ಕನ್ನಡಕ ಬೇಕು, ನನ್ನ ಮಿಷನ್ನಿನ ಪೆಡಲಿನ ಮೇಲೆ ಕೂತು ಒತ್ತುವುದು ಬೇಕು. ಮಡಿಲಿಗೆ ಬರುತ್ತಿದ್ದಳು, ಆದರೆ ಎದುರುಬದರಾಗಿ. ತಿರುಗಿ ಮಾತ್ರ ಕೂರುತ್ತಿರಲಿಲ್ಲ. ಆರು ವರ್ಷ ಕಾದು ಸಿಕ್ಕಿದ ಕೂಸು ನನ್ನೆದುರು ಹಿಂದು ಹಿಂದಕ್ಕೆ ನಡೆದುಕೊಂಡು ಕೋಣೆಯಿಂದ ಹೋಗುತ್ತಿತ್ತು. ಒಂದು ಸಲ ಬಾಗಿಲ ಚೌಕಟ್ಟು ತಗುಲಿ ತಲೆ ಊದಿತು. ಆಗಲೂ ಬೆನ್ನು ತೋರಿಸಲಿಲ್ಲ.

“ಅವಳ ಶರ್ಟ್ ಒಂದು ಕೊಡು, ಅದ್ರ ಅಳತೇಲಿ ಕತ್ತರಿಸ್ತೀನಿ” ಅಂದೆ ಮಗಳಿಗೆ.

“ಹಾಗೆ ಕತ್ತರಿಸಿದ್ರೆ ಅವಳು ಹಾಕ್ಕೊಳ್ಳಲ್ಲ ಅಪ್ಪಾ. ಕೇಳಿದೀನಿ. ಶನಿವಾರದವರೆಗೂ ನೋಡೋಣ. ಇಲ್ಲಾಂದ್ರೆ ಆನ್‌ಲೈನ್‌ನಲ್ಲಿ ಆರ್ಡರ್ ಮಾಡ್ಬಿಡ್ತೀನಿ, ರೆಡಿಮೇಡ್ ಸಿಗತ್ತೆ.”

ರೆಡಿಮೇಡ್. ನನ್ನ ಮಗಳ ಬಾಯಲ್ಲಿ. ಹಸಿರು ಉಣ್ಣೆ ಬಟ್ಟೆ ಎರಡು ಗಜ ಮೇಜಿನ ಮೇಲೆ ಮಡಿಸಿಟ್ಟಿದ್ದೆ. ಮಡಿಸಿದಂತೆಯೇ ಇತ್ತು.

ಕೆಲಸವಿಲ್ಲದೆ ಕೂತ ದರ್ಜಿಗೆ ತಲೆಯಲ್ಲಿ ಕೋಟೇ ಓಡುತ್ತದೆ. ಮೂರನೆಯ ದಿನ ಅದು ಹೊಳೆಯಿತು. ಆ ಕತೆಯಲ್ಲಿ ಒಂದು ತಪ್ಪಿದೆ, ಅದು ನಮ್ಮ ಕಸುಬಿನವರಿಗೆ ಮಾತ್ರ ಕಾಣುವ ತಪ್ಪು. ಮುಗಿದ ಕೋಟಿನ ಮೇಲೆ ಯಾವ ದರ್ಜಿಯೂ ಸೀಮೆಸುಣ್ಣ ಹಾಕುವುದಿಲ್ಲ. ಸುಣ್ಣ ಹಾಕುವುದು ಟ್ರಯಲ್ ಹೊತ್ತಿನಲ್ಲಿ, ಕಚ್ಚಾ ಹೊಲಿಗೆಯ ಮೇಲೆ. ಬೆನ್ನಿನ ನಡುಗೆರೆ ಒಂದು, ಹೆಗಲೆಲುಬಿನ ಅಡ್ಡಗೆರೆ ಒಂದು. ಎರಡೂ ಸೇರಿದರೆ ಅದೇ ಅಡ್ಡ-ಉದ್ದದ ಗುರುತು. ಮೈಸೂರಿನಲ್ಲಿ ನಾನೇ ಸಾವಿರ ಬೆನ್ನಿನ ಮೇಲೆ ಎಳೆದಿದ್ದೇನೆ. ಗಿರಾಕಿ ಬಿಚ್ಚಿ ಕೊಡುತ್ತಾನೆ, ನಾವು ಹೊಲಿದು, ಬ್ರಷ್ಷಿನಲ್ಲಿ ಉಜ್ಜಿ ಕೊಡುತ್ತೇವೆ. ಅಂದ ಮೇಲೆ ಆ ಹುಡುಗ ಹೊರಟದ್ದು ಟ್ರಯಲ್ ಅರ್ಧದಲ್ಲಿ. ಸಿಪಾಯಿಗಳು ಬಂದರು ಎಂದು ಯಾರೋ ಕೂಗಿರಬೇಕು, ಬಿಚ್ಚದೆ ಓಡಿರಬೇಕು. ಆ ದರ್ಜಿ ಕೈಯಲ್ಲಿ ಸುಣ್ಣ ಹಿಡಿದು, ಕೋಟು ಕೋಟು ಎಂದು ಬಾಗಿಲಲ್ಲಿ ನಿಂತು ಕೂಗಿರಲೂ ಬಹುದು. ಪಾಪ, ಅವನು ತನ್ನ ಕೆಲಸ ಮಾಡುತ್ತಿದ್ದ. ಇನ್ನೂರು ವರ್ಷದಿಂದ ಜನ ಅವನನ್ನು ದ್ರೋಹಿ ಎಂದು ಉಗಿಯುತ್ತಿದ್ದಾರೆ.

ನನಗೆ ಎದೆ ಉಬ್ಬಿತು. ಐದನೇ ಕ್ಲಾಸಿನವನು ಇವರ ಇಡೀ ಊರಿನ ಕತೆಯನ್ನೇ ತಿದ್ದಿದೆನಲ್ಲ. ಅಡುಗೆಮನೆಯಲ್ಲಿ ಮಗಳು ಬೇಳೆ ತೊಳೆಯುತ್ತಿದ್ದಳು. ಹೋಗಿ ಎಲ್ಲ ಹೇಳಿದೆ, ಕೈಯಲ್ಲಿ ಗೆರೆ ಎಳೆದು ತೋರಿಸಿ ಹೇಳಿದೆ.

“ಮಗೂಗೆ ಇದನ್ನ ಇಂಗ್ಲಿಷಲ್ಲಿ ಹೇಳು. ಬೀಗರಿಗೂ ಹೇಳು. ಅವನು ಹಿಡಿದುಕೊಟ್ಟಿಲ್ಲ. ಟ್ರಯಲ್ ಅದು.”

ಅವಳು ನಲ್ಲಿ ನಿಲ್ಲಿಸಿದಳು.

“ನೀವೇ ಹೇಳಿ ಅಪ್ಪಾ. ಹೇಳೋದು ನಿಮಗೇನ್ ಕಷ್ಟ?”

“ನನಗೆ ಅಷ್ಟು ಇಂಗ್ಲಿಷ್...”

“ಅವತ್ತು ಎಷ್ಟ್ ಬೇಗ ಹೇಳಿದ್ರಿ. ಎರಡು ವಾರ ಕೇಳಿದ್ದೆ. ಎರಡು ಗಂಟೆ ಕೊಟ್ರಿ ನೀವು.” ಬೇಳೆಯ ಪಾತ್ರೆಯನ್ನು ಬಗ್ಗಿಸಿ ನೀರು ಚೆಲ್ಲಿದಳು. “ಅವರೆಲ್ಲ ನನ್ನ ಸುತ್ತ ನಿಂತ್ಕೊಂಡಾಗ ನನಗೆ ಮೊದ್ಲು ಗೊತ್ತೇ ಆಗ್ಲಿಲ್ಲ, ಯಾಕೆ ನಗ್ತಿದಾರೆ ಅಂತ. ಬೆನ್ನ ಮೇಲೆ ಏನೋ ಅಂಟಿದ್ಯೇನೋ ಅಂತ ಸೆರಗು ಮುಟ್ಟಿ ನೋಡ್ಕೊಂಡೆ. ಗೊತ್ತಾ ನಿಮಗೆ?”

ನನಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷ ಅದು ಗೊತ್ತಿರಲಿಲ್ಲ.

ಆ ದರ್ಜಿಯ ಪರ ವಕಾಲತ್ತು ಅಲ್ಲಿಗೆ ನಿಂತಿತು. ಆಮೇಲೆ ಯಾರಿಗೂ ಹೇಳಲಿಲ್ಲ. ಇಲ್ಲಿ ಬರೆದಿದ್ದೇನೆ, ಅಷ್ಟೇ. ಅವನು ತಪ್ಪು ಮಾಡಿಲ್ಲ ಎಂದು ಈಗಲೂ ನಂಬಿದ್ದೇನೆ. ಆದರೆ ಅವನಿಗೋಸ್ಕರ ನಾನು ಅಷ್ಟು ಬೆವರಿದ್ದು ಅವನಿಗೋಸ್ಕರವೇ ಅಲ್ಲ ಎಂದು ಬೇಳೆ ತೊಳೆದ ನೀರು ಹರಿದು ಹೋಗುವಷ್ಟರಲ್ಲಿ ತಿಳಿಯಿತು.

ಐದನೆಯ ದಿನ ಬೀಗರು ನಗುನಗುತ್ತ ಬಂದರು. ಮೆರವಣಿಗೆಯ ಕೊನೆಯಲ್ಲಿ ಹುಲ್ಲಿನ ಮನುಷ್ಯನೊಬ್ಬನನ್ನು ನಿಲ್ಲಿಸುತ್ತಾರಂತೆ, ಅವನೇ ಆ ದರ್ಜಿ. ಕೋಟು ತೊಟ್ಟ ಮಗು ಮೊದಲ ಆಲೂಗಡ್ಡೆ ಎಸೆಯಬೇಕು, ಆಮೇಲೆ ಊರಿನ ಮಕ್ಕಳೆಲ್ಲ ಎಸೆಯುತ್ತಾರೆ. ಹುಲ್ಲಿನವನ ಕತ್ತರಿ ಇದೆ, ಕತ್ತಿಗೆ ಹಾಕುವ ಟೇಪು ಹರಿದುಹೋಗಿದೆ. ನಿಮ್ಮ ಹತ್ತಿರ ಹಳೆಯದೊಂದು ಇದೆಯೇ?

ಕೊಟ್ಟೆ. ಮೈಸೂರಿನಿಂದ ತಂದದ್ದು, ಅಂಚಿನಲ್ಲಿ ಅಂಕಿ ಅಳಿಸಿದ್ದು. ಬೀಗರು ನನ್ನ ಹೆಗಲು ತಟ್ಟಿ ಥ್ಯಾಂಕ್ಸ್ ಹೇಳಿದರು. ಅವರ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ಸಿಟ್ಟಿಗೂ ಒಂದು ಯೋಗ್ಯತೆ ಬೇಕಲ್ಲ.

ಒಂಬತ್ತನೆಯ ದಿನ ಶನಿವಾರ. ಮಗಳು ಬೆಳಿಗ್ಗೆಯೇ ಫೋನು ಹಿಡಿದು ಕೋಟು ಹುಡುಕುತ್ತಿದ್ದಳು. ನಾನು ಹಸಿರು ಬಟ್ಟೆಯನ್ನು ಎತ್ತಿ ದುಪ್ಪಟಿಯಲ್ಲಿ ಇಡುತ್ತಿದ್ದೆ. ಮೊಮ್ಮಗಳು ಬಂದು ಎದುರು ನಿಂತಳು.

“ತಾತ, ಫಸ್ಟ್ ನಿಮಗೆ.”

“ಏನು?”

“ಚಾಕ್. ಫಸ್ಟ್ ನಿಮ್ಮ ಬೆನ್ನು. ಆಮೇಲೆ ನೀವು ಮೇಲ್‌ಬಾಕ್ಸ್‌ವರೆಗೂ ಹೋಗಿ ಬನ್ನಿ. ಯಾರೂ ಹಿಡ್ಕೊಂಡಿಲ್ಲ ಅಂದ್ರೆ ನಾನು ಅಳತೆ ಕೊಡ್ತೀನಿ.”

“ಯಾರಾದ್ರೂ ಹಿಡ್ಕೊಂಡ್ರೆ?”

ಸ್ವಲ್ಪ ಯೋಚಿಸಿದಳು. “ಅಮ್ಮ ಪಿಕಪ್ ಮಾಡ್ತಾಳೆ.”

ಮಗಳು ಫೋನಿನಿಂದ ತಲೆ ಎತ್ತಲಿಲ್ಲ. ನಾನು ನೆಲದ ಮೇಲೆ ಕೂತು ತಿರುಗಿದೆ. ಮಗುವಿನ ಕೈ ನನ್ನ ಬೆನ್ನ ಮೇಲೆ ಮೊದಲು ಒಂದು ಗೆರೆ ಎಳೆಯಿತು, ಕತ್ತಿನಿಂದ ಸೊಂಟದವರೆಗೂ, ಆಮೇಲೆ ಇನ್ನೊಂದು. ಚೆನ್ನಾಗಿ ಒತ್ತಿ ಎಳೆದಳು. ಕಪ್ಪು ಸ್ವೆಟರು. ಇಷ್ಟು ವರ್ಷದ ಕಸುಬಿನಲ್ಲಿ ಯಾರೂ ನನ್ನ ಬೆನ್ನಿಗೆ ಸುಣ್ಣ ಹಾಕಿರಲಿಲ್ಲ. ದರ್ಜಿಯ ಬಟ್ಟೆಯನ್ನು ದರ್ಜಿ ಅಂದಾಜಿನಲ್ಲೇ ಹೊಲಿದುಕೊಳ್ಳುತ್ತಾನೆ.

ಮೇಲ್‌ಬಾಕ್ಸುಗಳೆಲ್ಲ ಬೀದಿಯ ತುದಿಯಲ್ಲಿ ಒಟ್ಟಿಗೆ ಇವೆ. ನಾನು ಹೊರಟೆ. ಮೊಮ್ಮಗಳು ಸೈಕಲ್ಲಿನಲ್ಲಿ ಹತ್ತು ಹೆಜ್ಜೆ ಹಿಂದೆ, ಸಿಪಾಯಿಗಳು ಬರುತ್ತಾರೇನೋ ಎಂದು ನೋಡುತ್ತ. ನಾಯಿ ಹಿಡಿದು ಬರುತ್ತಿದ್ದ ಹೆಂಗಸೊಬ್ಬರು ಹಾಯ್ ಅಂದರು, ದಾಟಿದ ಮೇಲೆ ನಿಂತದ್ದು ಹೆಜ್ಜೆಯ ಸದ್ದಿನಲ್ಲಿ ಗೊತ್ತಾಯಿತು. ತಿರುಗಿ ನೋಡಲಿಲ್ಲ. ಬೆನ್ನ ಮೇಲೆ ಗುರುತಿದೆ ಎಂದು ತಿಳಿದು ನಡೆಯುವುದು ಎಷ್ಟು ಉದ್ದದ ದಾರಿ. ತಿಳಿಯದೆ ನಡೆದವಳು ನನ್ನ ಮಗಳು. ಹೋಳಿಗೆಯ ಸಾಲಿನಲ್ಲಿ ನಗುತ್ತ ನಿಂತಿದ್ದಳು.

ಬೀಗರು ತಮ್ಮ ಮನೆಯ ಮುಂದೆ ಕುರ್ಚಿ ಹಾಕಿಕೊಂಡಿದ್ದರು. ಹೋಗುವಾಗ ಕೈ ಎತ್ತಿದರು. ವಾಪಸು ಬರುವಾಗ ಎದ್ದು ನಿಂತಿದ್ದರು, ಕೈ ಎತ್ತಲಿಲ್ಲ.

ಮನೆಗೆ ಬಂದೆ. “ಯಾರೂ ಹಿಡ್ಕೊಂಡಿಲ್ಲ” ಎಂದು ಮೊಮ್ಮಗಳು ಅಮ್ಮನಿಗೆ ವರದಿ ಒಪ್ಪಿಸಿದಳು. “ಓಕೆ ತಾತ.” ತಿರುಗಿ ನಿಂತಳು. ಕೂದಲನ್ನು ತಾನೇ ಮೇಲಕ್ಕೆ ಎತ್ತಿ ಹಿಡಿದಳು. ಎಳ್ಳಿನಷ್ಟು ದೊಡ್ಡ ಮಚ್ಚೆ ಕಂಡಿತು. ಹತ್ತೂವರೆ, ಹದಿನಾರು, ಇಪ್ಪತ್ತನಾಲ್ಕು. ಎರಡೆರಡು ಸಲ ತೆಗೆದೆ. “ಕಚಗುಳಿ ತಾತ” ಎಂದು ಹೆಗಲು ಕುಣಿಸಿದಳು. ಮೂರು ಸಲ ತೆಗೆದೆ. ಮೂರನೆಯ ಸಲ ಅಳತೆಗಲ್ಲ, ಸುಮ್ಮನೆ.

ಮಧ್ಯಾಹ್ನ ಬೀಗರು ಬಂದರು, ಕೈಯಲ್ಲಿ ನನ್ನ ಟೇಪು. ಮಗಳ ಜೊತೆ ಮೆಲ್ಲಗೆ ಏನೋ ಮಾತಾಡಿದರು, ಮುಖ ಕೆಂಪಾಗಿತ್ತು.

“ಈ ವರ್ಷ ಹುಲ್ಲಿನ ಟೈಲರ್ ಬೇಡ ಅಂತಿದಾರೆ ಅಪ್ಪಾ. ಯೋಚ್ನೆ ಮಾಡ್ದೆ ಕೇಳ್ಬಿಟ್ಟೆ, ಸಾರಿ ಅಂತ ಹೇಳು ಅಂದ್ರು.”

ಟೇಪನ್ನು ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ.

“ಪದ್ಧತಿ ಕೆಡಿಸ್ಬೇಡಿ ಅಂತ ಹೇಳಮ್ಮ. ಮಕ್ಕಳು ಕಾಯ್ತಿರ್ತವೆ.”

ನಾಲ್ಕು ದಿನ ಹೊಲಿದೆ. ಅಂಥ ಹೊಲಿಗೆ ನಾನು ಯಾವ ಡಾಕ್ಟರಿಗೂ ಹೊಲಿದಿಲ್ಲ. ಒಳಗೆ ಹೆಂಡತಿಯ ರೇಷ್ಮೆ ಸೀರೆಯ ಚೂರಿನ ಅಸ್ತರು. ಕಾಜಾ ಆರೂ ಕೈಯಲ್ಲೇ. ಮೊಮ್ಮಗಳು ಗುಂಡಿಗಳನ್ನು ಬಾಯಲ್ಲಿ ಹಾಕಿಕೊಂಡು ಒಂದೊಂದಾಗಿ ಕೈಗೆ ಉಗಿದು ಕೊಡುತ್ತಿದ್ದಳು. ಒರೆಸಿಕೊಂಡು ಹೊಲಿಯುತ್ತಿದ್ದೆ. ಟ್ರಯಲ್ ದಿನ ಕನ್ನಡಿಯ ಮುಂದೆ ನಿಂತು, “ನಾನು ಹೀಗೆ ಹಿಡಿದ್ರೆ ಬ್ರಿಟಿಷ್ ಓಡಿ ಹೋಗ್ತಾರೆ” ಎಂದು ಪೊರಕೆ ಎತ್ತಿ ತೋರಿಸಿದಳು. ಅಷ್ಟು ದೊಡ್ಡ ಸಾಮ್ರಾಜ್ಯ, ಓಡಿ ಹೋಗಲೇಬೇಕಿತ್ತು.

ಮೆರವಣಿಗೆಯ ಹಿಂದಿನ ದಿನ, ಕೋಟಿನ ಬೆನ್ನಿಗೆ ಆ ಗುರುತು ಹಾಕುವುದು ಬಾಕಿ ಇತ್ತು. ಬಣ್ಣದಲ್ಲಿ ಬರೆಯುವುದು ಅವರ ರೂಢಿ. ಬಣ್ಣ ಹಾಕಿದರೆ ಕೋಟು ಹಾಳು, ಸುಣ್ಣದಲ್ಲೇ ಹಾಕೋಣ ಅಂದೆ. ಆದರೆ ಸುಣ್ಣ ಹಿಡಿದ ಮೇಲೆ ಕೈ ಮುಂದೆ ಹೋಗಲಿಲ್ಲ. ಮಗಳು ನೋಡುತ್ತಿದ್ದಳು. ಬಂದು ನನ್ನ ಕೈಯಿಂದ ತೆಗೆದುಕೊಂಡು, ತಾನೇ ಎರಡು ಗೆರೆ ಎಳೆದಳು. ಚಿಕ್ಕಂದಿನಲ್ಲಿ ನಾನು ಕಲಿಸಿದ ಹಾಗೆ, ಸುಣ್ಣವನ್ನು ಅಂಚಿನ ಮೇಲೆ ನಿಲ್ಲಿಸಿ.

“ತಪ್ಪಾಯ್ತು ಕಣಮ್ಮ” ಅಂದೆ.

ಅವಳು ಬೆರಳಿನ ಪುಡಿ ಒರೆಸಿಕೊಂಡಳು. “ಅಮ್ಮ ಇರೋವಾಗ ಹೇಳ್ಬೇಕಿತ್ತು ಅಪ್ಪಾ. ನಿಮ್ಮ ಮೇಲಿನ ಸಿಟ್ಟನ್ನ ನಾನು ಅವಳ ಮೇಲೆ ತೀರಿಸ್ಕೊಂಡೆ. ಅವಳ ಫೋನ್ ಎತ್ಲಿಲ್ಲ. ಅದೂ ನಿಮ್ಮ ಲೆಕ್ಕಕ್ಕೆ ಹಾಕ್ಲಾ, ನನ್ನ ಲೆಕ್ಕಕ್ಕೆ ಹಾಕ್ಲಾ ಅಂತ ಗೊತ್ತಾಗಲ್ಲ.”

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಹೇಳಿದಳು ಎಂದು ಇಲ್ಲಿ ಬರೆದರೆ ಓದುವವರಿಗೆ ಹಿತವಾಗಿರುತ್ತಿತ್ತು.

ಮೆರವಣಿಗೆಯ ದಿನ ಬಿಸಿಲಿತ್ತು. ಡೊಳ್ಳು, ಚೀಲಕ್ಕೆ ಗಾಳಿ ತುಂಬಿ ನುಡಿಸುವ ಕೊಳಲು, ಹಸಿರು ಟೋಪಿಯ ಜನ. ಎಲ್ಲರ ಮುಂದೆ ನನ್ನ ಮೊಮ್ಮಗಳು, ಭುಜ ಸೆಟೆದು, ಹಲ್ಲಿಲ್ಲದ ಬಾಯನ್ನು ಬಿಗಿಯಾಗಿ ಮುಚ್ಚಿಕೊಂಡು. ಸೋತ ದಂಗೆಯ ಹುಡುಗ ಹೀಗ್ಯಾಕೆ ನಡೆಯುತ್ತಾನೆ, ಇವಳು ಗೆದ್ದವಳ ಹಾಗೆ ನಡೆಯುತ್ತಿದ್ದಳು. ನಾನು, ಮಗಳು, ಅಳಿಯ ರಸ್ತೆಯ ಪಕ್ಕ ನಿಂತಿದ್ದೆವು. ಚರ್ಚಿನ ಬಯಲಿನಲ್ಲಿ ಹುಲ್ಲಿನ ದರ್ಜಿ ಕಂಬಕ್ಕೆ ಒರಗಿದ್ದ, ಕೈಯಲ್ಲಿ ಕತ್ತರಿ, ಕತ್ತಿನಲ್ಲಿ ನನ್ನ ಟೇಪು.

ಬೀಗರು ಮೊಮ್ಮಗಳ ಕೈಗೆ ಆಲೂಗಡ್ಡೆ ಕೊಟ್ಟರು. ಅವಳು ಗುಂಪಿನಲ್ಲಿ ನನ್ನನ್ನು ಹುಡುಕಿದಳು. ಎಸೆಯಲೋ ಬೇಡವೋ ಎಂದು ಕೇಳುವ ಕಣ್ಣು. ಸುತ್ತಲಿನ ಜನ ಕಾಯುತ್ತಿದ್ದರು. ನಾನು ಕೈ ಎತ್ತಿ, ಎಸಿ ಎಂದು ಸನ್ನೆ ಮಾಡಿದೆ.

ಎಸೆದಳು. ತೋಳು ಹಿಂದಕ್ಕೆ ಹೋಗಿ, ಮೇಲಿನಿಂದ ಸುತ್ತಿ, ಪೂರ್ತಿ ಬಂತು. ಆಲೂಗಡ್ಡೆ ನೇರ ಹೋಗಿ ದರ್ಜಿಯ ಎದೆಗೆ ಬಡಿಯಿತು, ತಲೆ ಕಳಚಿ ಹಿಂದಕ್ಕೆ ಬಿತ್ತು. ಜನ ಕೂಗಿದರು. ಮಕ್ಕಳೆಲ್ಲ ಒಟ್ಟಿಗೆ ಎಸೆಯತೊಡಗಿದವು. ನಾನೂ ಚಪ್ಪಾಳೆ ತಟ್ಟುತ್ತಿದ್ದೆ, ಕಣ್ಣಲ್ಲಿ ನೀರು, ಯಾವುದಕ್ಕೆ ಎಂದು ನನಗೇ ಗೊತ್ತಿಲ್ಲ.

ಮಗಳು ಪಕ್ಕದಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೋಟನ್ನೇ ನೋಡುತ್ತಿದ್ದಳು.

“ಕಂಕುಳು ಒಂಚೂರೂ ಎಳೀಲಿಲ್ಲ ಅಪ್ಪಾ” ಅಂದಳು.

“ಅರ್ಧ ಇಂಚು ಜಾಸ್ತಿ ಬಿಟ್ಟಿದ್ದೆ” ಅಂದೆ.